ಬಿಲ್ಲಿನ ಕಡತದಿಂದ ಶುರು ಮಾಡಿ: ಸಣ್ಣ ಕಾರ್ಖಾನೆಗೆ ಸುಸ್ಥಿರತೆಯ ದಾರಿ

ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಗಳಿಗೆ ಕೆಲವು ವರ್ಷಗಳಿಂದ ಒಂದು ಹೊಸ ಬಗೆಯ ಇಮೇಲ್ ಬರುತ್ತಿದೆ. ಅದರ ಜೊತೆ ಒಂದು ಎಕ್ಸೆಲ್ ಹಾಳೆ. ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ ಬಳಸುತ್ತೀರಿ? ನೀರು ಎಲ್ಲಿಂದ ಬರುತ್ತದೆ? ಬಳಸಿದ ಎಣ್ಣೆ ಯಾರ ಕೈಗೆ ಹೋಗುತ್ತದೆ? ಕೆಲಸದಲ್ಲಿ ಎಷ್ಟು ಹೆಣ್ಣುಮಕ್ಕಳಿದ್ದಾರೆ, ಕಳೆದ ವರ್ಷ ಎಷ್ಟು ಅಪಘಾತಗಳಾದವು? ಹಾಳೆಯ ತಲೆಯಲ್ಲಿ ‘ಸಸ್ಟೈನಬಿಲಿಟಿ’, ಅಂದರೆ ಸುಸ್ಥಿರತೆ, ಎಂದಿರುತ್ತದೆ, ಕೊನೆಯಲ್ಲಿ ವಾರದೊಳಗೆ ತುಂಬಿ ಕಳಿಸಿ ಎಂದಿರುತ್ತದೆ. ನಾನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳ ಒಂದು ಘಟಕ ನಡೆಸುತ್ತೇನೆ. ನಮ್ಮ ತಂದೆ ಸಾರ್ವಜನಿಕ ಉದ್ದಿಮೆಯೊಂದರ ಟೂಲ್ ರೂಮಿನಲ್ಲಿ ಕೆಲಸ ಕಲಿತು ಬಂದು, ಒಂದು ಲೇತ್ ಹಾಕಿ ಶುರು ಮಾಡಿದ ಶೆಡ್ಡು ಅದು. ಈ ಹಾಳೆ ಬಂದಾಗಲೆಲ್ಲ ಅಕ್ಕಪಕ್ಕದ ಮಾಲೀಕರು ಫೋನ್ ಮಾಡುತ್ತಾರೆ. “ಮೇಡಂ, ಇದಕ್ಕೆ ಏನು ಬರೆದು ಕಳಿಸಲಿ?” ಎಂದು ಕೇಳುತ್ತಾರೆ. ನಾನು ಅವರಿಗೆ ಮೊದಲು ಏನು ಮಾಡಬೇಕು ಎಂಬುದನ್ನು ಹೇಳುತ್ತೇನೆ. ಕೆಲಸ ಆದ ಮೇಲೆ ಬರೆಯುವುದು ಕಷ್ಟವಲ್ಲ. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇನೆ.

ನಮ್ಮ ಮಟ್ಟಿಗೆ ಸುಸ್ಥಿರತೆ ಎಂದರೆ ಏನು

1987ರಲ್ಲಿ, ಆಗ ನಾರ್ವೆಯ ಪ್ರಧಾನಿಯಾಗಿದ್ದ ಗ್ರೋ ಹಾರ್ಲೆಮ್ ಬ್ರಂಟ್‌ಲಾಂಡ್ ಅವರ ನೇತೃತ್ವದ ವಿಶ್ವಸಂಸ್ಥೆಯ ಆಯೋಗ ಒಂದು ಮಾತು ಹೇಳಿತು. ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳಬೇಕು, ಆದರೆ ಮುಂದಿನ ಪೀಳಿಗೆಯವರು ತಮ್ಮದನ್ನು ಪೂರೈಸಿಕೊಳ್ಳಲು ಏನೂ ಉಳಿಯದ ಹಾಗೆ ಮಾಡಬಾರದು ಎಂಬುದು ಅದರ ಸಾರ. ಸುಸ್ಥಿರತೆಯ ಬಗ್ಗೆ ಇವತ್ತು ನಡೆಯುವ ಮಾತೆಲ್ಲ ಇದರ ಮೇಲೆಯೇ ನಿಂತಿದೆ. ಶೆಡ್ಡಿನ ಮಟ್ಟಕ್ಕೆ ಇಳಿಸಿಕೊಂಡರೆ, ಹದಿನೈದು ವರ್ಷದ ನಂತರವೂ ಇದೇ ಬೆಂಗಳೂರಿನಲ್ಲಿ ಈ ಯಂತ್ರಗಳು ಓಡಬೇಕು. ಅದಕ್ಕೆ ಬೇಕಾದ ನೀರು, ವಿದ್ಯುತ್ತು, ಕೆಲಸ ಬಲ್ಲ ಜನ ಆಗಲೂ ಇರಬೇಕು. ನಮ್ಮಿಂದ ಹೊರಹೋಗುವ ಕೊಳೆ ಇನ್ನೊಬ್ಬರ ಬಾವಿಗೂ ಹೊಲಕ್ಕೂ ಸೇರಬಾರದು. ಇಷ್ಟೆಲ್ಲ ಮಾಡಿಯೂ ಲಾಭ ಬರಬೇಕು, ಏಕೆಂದರೆ ಬಾಗಿಲು ಮುಚ್ಚಿದ ಕಾರ್ಖಾನೆಯಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ.

ಹಲವರು ಇದನ್ನು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಜೊತೆ ಬೆರೆಸುತ್ತಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕಾದವರು ದೊಡ್ಡವರು: 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳು. ಅದು ಗಳಿಸಿದ ಮೇಲೆ ಕೊಡುವ ಹಣ. ಸುಸ್ಥಿರತೆ ಇರುವುದು ಗಳಿಸುವ ರೀತಿಯಲ್ಲಿ. ಜೂನ್ 5ರ ಪರಿಸರ ದಿನಕ್ಕೆ ಗಿಡ ನೆಡುವುದನ್ನು ನಾನು ಬೇಡ ಎನ್ನುವುದಿಲ್ಲ, ನಮ್ಮ ಗೇಟಿನ ಬಳಿಯೂ ಎರಡು ಹೊಂಗೆ ಮರಗಳಿವೆ. ಆದರೆ ಎಕ್ಸೆಲ್ ಹಾಳೆ ಕೇಳುತ್ತಿರುವುದು ಮರವನ್ನಲ್ಲ, ಮೀಟರನ್ನು.

ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ

ಮೊದಲ ಕಾರಣ ಗಿರಾಕಿ. ಷೇರುಪೇಟೆಯ ನಿಯಂತ್ರಕ ಸೆಬಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಸ್ಥಾನದಲ್ಲಿರುವ ಕಂಪನಿಗಳು 2022–23ರಿಂದ ಪ್ರತಿ ವರ್ಷ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ವರದಿಯನ್ನು ಕೊಡಲೇಬೇಕು ಎಂದು ವಿಧಿಸಿದೆ. ವಿದ್ಯುತ್ತು, ನೀರು, ತ್ಯಾಜ್ಯ, ಕಾರ್ಮಿಕರ ಸುರಕ್ಷತೆ ಎಲ್ಲವೂ ಅದರಲ್ಲಿವೆ. ಆ ಕಂಪನಿಗಳು ತಮ್ಮ ಲೆಕ್ಕ ಮುಗಿಸಿದ ಮೇಲೆ ಪೂರೈಕೆದಾರರ ಲೆಕ್ಕಕ್ಕೆ ಬರುತ್ತವೆ. ನಮಗೆ ಹಾಳೆ ಬರುವುದು ಹಾಗೆ. ಯುರೋಪಿಗೆ ಮಾಲು ಕಳಿಸುವವರಿಗೆ ಇನ್ನೊಂದು ಬಿಸಿ ಇದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್ ಮೊದಲಾದ ಸರಕುಗಳನ್ನು ತಯಾರಿಸುವಾಗ ಎಷ್ಟು ಇಂಗಾಲ ಹೊರಬಿತ್ತು ಎಂದು ಐರೋಪ್ಯ ಒಕ್ಕೂಟ ಲೆಕ್ಕ ಕೇಳಲು ಶುರು ಮಾಡಿದ್ದು 2023ರ ಅಕ್ಟೋಬರ್ 1ರಂದು. ಹಣ ತೆರಬೇಕಾದ ಹಂತ 2026ರ ಜನವರಿಯಿಂದ. ಉಕ್ಕಿನ ಬೋಲ್ಟು, ಸ್ಕ್ರೂಗಳೂ ಆ ಪಟ್ಟಿಯಲ್ಲಿವೆ. ಪೀಣ್ಯದಲ್ಲಿ ಬೋಲ್ಟು ಮಾಡುವವರಿಗೆ ಇದು ದೂರದ ಸುದ್ದಿಯಲ್ಲ.

ಎರಡನೆಯ ಕಾರಣ ಈ ಊರು. ನನಗೆ ಹೆಚ್ಚು ಮುಖ್ಯವಾದದ್ದು ಇದೇ. ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬೆಂಗಳೂರು ಸೇರುತ್ತದೆ. 2024ರ ಬೇಸಿಗೆಯನ್ನು ಇಲ್ಲಿದ್ದವರು ಮರೆತಿಲ್ಲ. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಕೈತೋಟಕ್ಕೆ ಹಾಕಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಕೊಳವೆಬಾವಿ ಬತ್ತಿದ ಶೆಡ್ಡುಗಳು ಟ್ಯಾಂಕರಿಗೆ ಕಾದು ಕುಳಿತವು. ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚಿನ ನೀರಿಗೆ ದಾರಿಯಾಯಿತು. ಅದು ದೊಡ್ಡ ಕೆಲಸ. ಆದರೆ ಅದನ್ನು ನಂಬಿ ಕೈಬಿಚ್ಚಿ ನೀರು ಬಳಸುವಷ್ಟು ಈ ಊರಿಗೆ ಅನುಕೂಲವಿಲ್ಲ.

ಇನ್ನು ನಮ್ಮ ಮೋರಿಯ ವಿಷಯ. ಪೀಣ್ಯದ ಒಂದು ಭಾಗದ ನೀರು ವೃಷಭಾವತಿಗೆ ಹರಿಯುತ್ತದೆ. ವೃಷಭಾವತಿ ಬೈರಮಂಗಲ ಕೆರೆಗೆ ಹೋಗಿ, ಮುಂದೆ ಅರ್ಕಾವತಿಯನ್ನು, ಅಲ್ಲಿಂದ ಕಾವೇರಿಯನ್ನು ಸೇರುತ್ತದೆ. ಬೈರಮಂಗಲದ ಸುತ್ತಿನ ರೈತರು ಆ ನೀರಿನಲ್ಲೇ ಬೆಳೆ ತೆಗೆಯುತ್ತ ಬಂದಿದ್ದಾರೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಎಂಬ ಲೋಹ ಸೇರಿರುವುದು ಸಮೀಕ್ಷೆಗಳಲ್ಲಿ ದಾಖಲಾಗಿದೆ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಓದಿದರೆ ಸುಸ್ಥಿರತೆ ಯಾಕೆ ಬೇಕು ಎಂದು ಇನ್ನೊಬ್ಬರು ನಮಗೆ ಹೇಳಬೇಕಾಗಿಲ್ಲ.

ಮೊದಲ ಕೆಲಸ: ಹನ್ನೆರಡು ತಿಂಗಳ ಬಿಲ್ಲು

ಹಾಳೆಯನ್ನು ಪಕ್ಕಕ್ಕಿಟ್ಟು ಕಳೆದ ಹನ್ನೆರಡು ತಿಂಗಳ ಬೆಸ್ಕಾಂ ಬಿಲ್ಲು, ನೀರಿನ ಬಿಲ್ಲು, ಟ್ಯಾಂಕರ್ ಚೀಟಿ, ಜನರೇಟರಿನ ಡೀಸೆಲ್ ರಸೀದಿ, ಸ್ಕ್ರ್ಯಾಪ್ ಮಾರಿದ ಚೀಟಿ, ಹೊಸದಾಗಿ ಕೊಂಡ ಎಣ್ಣೆ ಮತ್ತು ಕೂಲೆಂಟ್‌ನ (ಲೋಹ ಕತ್ತರಿಸುವಾಗ ತಂಪು ಮಾಡುವ ದ್ರವದ) ಬಿಲ್ಲುಗಳನ್ನು ಹೊರತೆಗೆಯಿರಿ. ಸಲಹೆಗಾರರನ್ನು ಕರೆಸಬೇಡಿ, ಇನ್ನೂ ಸಮಯವಿದೆ. ಒಂದು ಉದ್ದನೆಯ ಪುಸ್ತಕದಲ್ಲಿ ತಿಂಗಳಿಗೊಂದು ಸಾಲು ಬರೆಯಿರಿ: ಯೂನಿಟ್, ಸಾವಿರ ಲೀಟರ್ ಲೆಕ್ಕದಲ್ಲಿ ನೀರು, ಲೀಟರ್ ಲೆಕ್ಕದಲ್ಲಿ ಡೀಸೆಲ್, ಕಿಲೋ ಲೆಕ್ಕದಲ್ಲಿ ಸ್ಕ್ರ್ಯಾಪ್. ಕೊನೆಯ ಕಲಮಿನಲ್ಲಿ ಆ ತಿಂಗಳು ಗೇಟಿನಿಂದ ಹೊರಹೋದ ತಯಾರಾದ ಮಾಲಿನ ತೂಕ. ಈ ಕೊನೆಯ ಕಲಮನ್ನು ಬಿಡಬೇಡಿ. ಆರ್ಡರ್ ಕಡಿಮೆಯಾದ ತಿಂಗಳು ವಿದ್ಯುತ್ತೂ ಇಳಿಯುತ್ತದೆ, ಅದು ಉಳಿತಾಯವಲ್ಲ. ಯೂನಿಟ್ಟನ್ನು ಮಾಲಿನ ತೂಕದಿಂದ ಭಾಗಿಸಿ. ಒಂದು ಕಿಲೋ ಮಾಲಿಗೆ ಎಷ್ಟು ಯೂನಿಟ್ ಎಂಬ ಆ ಸಂಖ್ಯೆಯೇ ನಿಮ್ಮ ಕಾರ್ಖಾನೆಯ ನಿಜವಾದ ನಾಡಿ.

ಹಾಳೆಯಲ್ಲಿ ಸ್ಕೋಪ್ 1, ಸ್ಕೋಪ್ 2, ಸ್ಕೋಪ್ 3 ಎಂದಿರುತ್ತದೆ. ಇಂಗಾಲ ಎಲ್ಲಿಂದ ಹೊರಬಿತ್ತು ಎಂದು ವಿಂಗಡಿಸುವ ಹೆಸರುಗಳು ಅವು. ಹೆದರಬೇಡಿ. ನೀವೇ ಉರಿಸಿದ ಇಂಧನ, ಅಂದರೆ ಜನರೇಟರಿನ ಮತ್ತು ನಿಮ್ಮ ಸ್ವಂತ ಟೆಂಪೊದ ಡೀಸೆಲ್, ಕ್ಯಾಂಟೀನಿನ ಗ್ಯಾಸ್, ಒಂದನೆಯದು. ಕೊಂಡ ವಿದ್ಯುತ್ತಿಗಾಗಿ ಬೇರೆಲ್ಲೋ ಉರಿದ ಕಲ್ಲಿದ್ದಲು ಎರಡನೆಯದು. ನಿಮ್ಮ ಕಚ್ಚಾ ಮಾಲು, ಬಾಡಿಗೆ ಲಾರಿ, ಹೊರಗೆ ಕೊಟ್ಟ ಜಾಬ್ ವರ್ಕ್ ಇವೆಲ್ಲ ಮೂರನೆಯದು. ಮೊದಲ ವರ್ಷ ಮೊದಲ ಎರಡನ್ನು ಸರಿಯಾಗಿ ಮಾಡಿದರೆ ಸಾಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ನಮ್ಮ ದೇಶದ ಗ್ರಿಡ್ಡಿನಿಂದ ಬಂದ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ. ಕೇಂದ್ರ ವಿದ್ಯುತ್ ಪ್ರಾಧಿಕಾರ ಈ ಎರಡನೆಯ ಸಂಖ್ಯೆಯನ್ನು ವರ್ಷವರ್ಷವೂ ಪ್ರಕಟಿಸುತ್ತದೆ, ಆ ವರ್ಷದ್ದನ್ನೇ ಹಾಕಿ. ತಿಂಗಳಿಗೆ 8000 ಯೂನಿಟ್ ಬಳಸುವ ಘಟಕ ವರ್ಷಕ್ಕೆ 96,000 ಯೂನಿಟ್ ಬಳಸಿತು, ಅಂದರೆ ಸುಮಾರು 67 ಟನ್. ಅದೇ ಘಟಕ 600 ಲೀಟರ್ ಡೀಸೆಲ್ ಉರಿಸಿದ್ದರೆ ಅದರದ್ದು 1.6 ಟನ್. ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕೈ ಎಲ್ಲಿ ಹಾಕಬೇಕು ಎಂಬುದು ಗೊತ್ತಾಗುತ್ತದೆ.

ಕಂಪ್ರೆಸರ್ ಕೋಣೆಗೆ ಹೋಗಿ

ಎಂಜಿನಿಯರಿಂಗ್ ಘಟಕದಲ್ಲಿ ಯಾರ ಕಣ್ಣಿಗೂ ಬೀಳದೆ ದುಡ್ಡು ಹೋಗುವ ಜಾಗ ಗಾಳಿಯ ಪೈಪು. ಇದರ ಬಗ್ಗೆ ನಾನು ಬೇಸರವಿಲ್ಲದೆ ಎಷ್ಟು ಹೊತ್ತು ಬೇಕಾದರೂ ಮಾತನಾಡುತ್ತೇನೆ. ನೀರು ಸೋರಿದರೆ ನೆಲ ಒದ್ದೆಯಾಗುತ್ತದೆ, ಎಣ್ಣೆ ಸೋರಿದರೆ ಕಾಲು ಜಾರುತ್ತದೆ, ಗಾಳಿ ಸೋರಿದರೆ ಏನೂ ಕಾಣುವುದಿಲ್ಲ. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರ್‌ನ ಒಂದು ತೂತು ಸುಮಾರು 3 ಕಿಲೋವಾಟ್ ತಿನ್ನುತ್ತದೆ. ಎರಡು ಶಿಫ್ಟಿನಲ್ಲಿ ದಿನಕ್ಕೆ 16 ಗಂಟೆ, ವರ್ಷಕ್ಕೆ 300 ದಿನ ಎಂದು ಹಿಡಿದರೆ 14,400 ಯೂನಿಟ್. ಯೂನಿಟ್‌ಗೆ 7 ರೂಪಾಯಿಯ ಲೆಕ್ಕದಲ್ಲಿ ಒಂದು ಲಕ್ಷ ರೂಪಾಯಿಗೂ ಮಿಗಿಲು. ಇಷ್ಟು ದುಡ್ಡು ಹೋಗುವುದು ಒಂದೇ ಒಂದು ತೂತಿನಿಂದ.

ಪರೀಕ್ಷೆ ಹೀಗೆ. ಎರಡನೇ ಶಿಫ್ಟ್ ಮುಗಿದು ಎಲ್ಲ ಯಂತ್ರಗಳೂ ನಿಂತ ಮೇಲೆ ಕಂಪ್ರೆಸರ್ ಒಂದನ್ನು ಮಾತ್ರ ಓಡಲು ಬಿಡಿ. ಗಾಳಿ ಬಳಸುವವರು ಯಾರೂ ಇಲ್ಲ, ಹಾಗಾಗಿ ಟ್ಯಾಂಕು ತುಂಬಿ ಅದು ಸುಮ್ಮನಾಗಬೇಕು. ಆಗುತ್ತದೆ ಕೂಡ, ಅದರ ದನಿ ತಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಲೋಡ್ ತೆಗೆದುಕೊಂಡು ಗುಡುಗಲು ಶುರು ಮಾಡಿದರೆ, ಆ ಗಾಳಿ ಸೋರಿಕೆಗೆ ಹೋಗುತ್ತಿದೆ ಎಂದರ್ಥ. ಮೊಬೈಲಿನಲ್ಲಿ ಸಮಯ ಹಿಡಿಯಿರಿ. ಲೋಡ್‌ನಲ್ಲಿ ಎಷ್ಟು ಹೊತ್ತು, ಖಾಲಿ ಎಷ್ಟು ಹೊತ್ತು. ಲೋಡ್ ಸಮಯವನ್ನು ಎರಡರ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿ. 2 ನಿಮಿಷ ಲೋಡ್, 6 ನಿಮಿಷ ಖಾಲಿ ಎಂದಾದರೆ ನಿಮ್ಮ ಕಂಪ್ರೆಸರಿನ ಸಾಮರ್ಥ್ಯದ ಶೇ 25ರಷ್ಟು ಗಾಳಿ ಸೋರುತ್ತಿದೆ. ನಾಲ್ಕೈದು ಸುತ್ತು ನೋಡಿ ಸರಾಸರಿ ತೆಗೆಯಿರಿ. ಶೇ 10ಕ್ಕಿಂತ ಕೆಳಗಿದ್ದರೆ ಸಮಾಧಾನ.

ಸೋರುವ ಜಾಗ ಹುಡುಕಲು ದುಬಾರಿ ಉಪಕರಣ ಬೇಡ. ಯಂತ್ರದ ಸದ್ದಿಲ್ಲದ ಹೊತ್ತಿನಲ್ಲಿ ಪೈಪಿನ ಉದ್ದಕ್ಕೂ ನಡೆದರೆ ‘ಸುಯ್’ ಎಂಬ ದನಿ ತಾನೇ ಕೇಳುತ್ತದೆ. ಅಲ್ಲಿ ಬಟ್ಟೆ ಸೋಪಿನ ನೀರನ್ನು ಬ್ರಷ್ಷಿನಲ್ಲಿ ಬಳಿಯಿರಿ. ನೀಲಿ ಪಿಯು ಟ್ಯೂಬು ಫಿಟ್ಟಿಂಗಿನೊಳಗೆ ಹೋಗುವ ಬಾಯಿಯಲ್ಲಿ ಮೊದಲು ಸಾಸಿವೆಯಷ್ಟು ಗುಳ್ಳೆಗಳು ಏಳುತ್ತವೆ, ನೋಡುನೋಡುತ್ತ ನೊರೆ ಗುಪ್ಪೆಯಾಗಿ ಕೆಳಗೆ ಇಳಿಯುತ್ತದೆ. ಟ್ಯೂಬಿನ ತುದಿಯನ್ನು ಓರೆಯಾಗಿ ಕತ್ತರಿಸಿ ಸಿಕ್ಕಿಸಿದ್ದಾರೆ, ಅಷ್ಟೇ ಕಾರಣ. ನೇರವಾಗಿ ಕತ್ತರಿಸಿ ಮತ್ತೆ ಒತ್ತಿದರೆ ಗುಳ್ಳೆ ನಿಲ್ಲುತ್ತದೆ. ಫಿಲ್ಟರಿನ ಕೆಳಗಿನ ಡ್ರೈನ್, ಏರ್ ಗನ್ನಿನ ಗುಂಡಿ, ಹಳೆಯ ಜಿಐ ಪೈಪಿನ ತಿರುಪು ಜೋಡಣೆಗಳು, ಕಿತ್ತುಹಾಕಿದ ಯಂತ್ರದ ಲೈನಿಗೆ ಹಾಗೇ ಉಳಿದ ವಾಲ್ವು, ಇವು ಉಳಿದ ತಾಣಗಳು. ಪ್ರತಿ ಜಾಗಕ್ಕೂ ಒಂದು ಬಣ್ಣದ ಚೀಟಿ ಕಟ್ಟಿ. ರಿಪೇರಿ ಮಾಡಿದವರೇ ಚೀಟಿ ಬಿಚ್ಚಲಿ. ಮರುದಿನ ಬೆಳಗ್ಗೆ ಶೆಡ್ಡಿನೊಳಗೆ ಬರುವ ಪ್ರತಿಯೊಬ್ಬ ಆಪರೇಟರಿಗೂ ಅದು ಕಾಣುತ್ತದೆ, ಯಾರೂ ಭಾಷಣ ಮಾಡಬೇಕಾಗಿಲ್ಲ.

ಸೋರಿಕೆ ನಿಂತ ಮೇಲೆ ಒತ್ತಡ ಇಳಿಸಿ ನೋಡಿ. ಬಹಳ ಕಡೆ 6 ಬಾರ್ ಸಾಕಾಗುವ ಕೆಲಸಕ್ಕೆ 8 ಇಟ್ಟಿರುತ್ತಾರೆ. ಒಂದು ಬಾರ್ ಇಳಿಸಿದರೆ ಕಂಪ್ರೆಸರಿನ ವಿದ್ಯುತ್ತಿನಲ್ಲಿ ಶೇ 6ರಿಂದ 10ರಷ್ಟು ಕಡಿಮೆಯಾಗುತ್ತದೆ. ಒಟ್ಟಿಗೆ ಇಳಿಸಬೇಡಿ. ಅರ್ಧರ್ಧ ಬಾರ್ ಇಳಿಸುತ್ತ, ಬಿಡಿಭಾಗವನ್ನು ಹಿಡಿದಿಡುವ ಯಂತ್ರದ ಚಕ್‌ನ ಹಿಡಿತ ಸಡಿಲವಾಗುವುದಿಲ್ಲ ಎಂದು ಖಚಿತಪಡಿಸಿಕೊಂಡು ಮುಂದೆ ಹೋಗಿ. ಕಂಪ್ರೆಸರ್ ಬಿಸಿ ಗಾಳಿ ಎಳೆದುಕೊಳ್ಳುವ ಮೂಲೆಯಲ್ಲಿದ್ದರೆ ಅದಕ್ಕೊಂದು ಕಿಟಕಿ ತೆರೆಯಿರಿ. ಒಳಹೋಗುವ ಗಾಳಿ 4 ಡಿಗ್ರಿ ಬಿಸಿಯಾದರೆ ಖರ್ಚು ಸುಮಾರು ಶೇ 1 ಏರುತ್ತದೆ. ಊಟದ ಹೊತ್ತಿನಲ್ಲಿ ಅದನ್ನು ನಿಲ್ಲಿಸುವ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದು ಗೋಡೆಗೆ ಅಂಟಿಸಿ.

ವಿದ್ಯುತ್ತಿನ ಉಳಿದ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಎಲ್ಲರಿಗೂ ಗೊತ್ತಿರುವಂಥವು. ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ಕೆಲಸಕ್ಕೆ ಬಂದ ಪಾಲು) ದಂಡದ ಸಾಲಿದೆಯೇ ನೋಡಿ, ಇದ್ದರೆ ಕೆಪಾಸಿಟರ್ ಸತ್ತಿದೆ. ಪದೇಪದೇ ಸುತ್ತಿಸಿದ ಹಳೆಯ ಮೋಟರು ಮುಂದಿನ ಸಲ ಸುಟ್ಟಾಗ ಕಡಿಮೆ ವಿದ್ಯುತ್ ಎಳೆಯುವ ಐಇ3 ದರ್ಜೆಯದನ್ನೇ ಹಾಕಿ. ಹಳೆಯ ಫ್ಯಾನಿಗೆ 75 ವಾಟ್, ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು. ಸೌರ ಫಲಕ ಹಾಕುವ ಆಸೆ ಒಳ್ಳೆಯದೇ. ಕಿಲೋವಾಟಿಗೆ ನೂರು ಚದರಡಿ ಜಾಗ ಬೇಕು, ಬೆಂಗಳೂರಿನ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ. ಆದರೆ ಪೀಣ್ಯದ ಹಳೆಯ ಶೆಡ್ಡುಗಳಲ್ಲಿ ಎಷ್ಟೋ ಮಾಡುಗಳು ಆಸ್‌ಬೆಸ್ಟಾಸ್ ಶೀಟಿನವು, ಅವುಗಳ ಟ್ರಸ್ಸು ಆ ಭಾರಕ್ಕೆ ಮಾಡಿದ್ದಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಒಪ್ಪುವವರೆಗೆ ಮುಂಗಡ ಕೊಡಬೇಡಿ. ಸೋರಿಕೆ ನಿಲ್ಲಿಸುವ ಮೊದಲು ಸೌರ ಫಲಕ ಹಾಕಿದರೆ ಸೋರುವ ಗಾಳಿಗೂ ಫಲಕ ಕೊಂಡಂತಾಗುತ್ತದೆ.

ಸೋಮವಾರ ಬೆಳಗಿನ ವಾಸನೆ ಮತ್ತು ಮಳೆ ನೀರು

ಲೇತ್, ಮಿಲ್ಲಿಂಗ್ ಕೆಲಸ ಇರುವವರಿಗೆಲ್ಲ ಈ ವಾಸನೆ ಗೊತ್ತು. ಭಾನುವಾರದ ರಜೆ ಮುಗಿಸಿ ಬಂದು ಶಟರ್ ಎತ್ತಿದರೆ ಕೊಳೆತ ಮೊಟ್ಟೆಯ ನಾತ. ಯಂತ್ರ ನಿಂತಾಗ ಕೂಲೆಂಟ್ ಟ್ಯಾಂಕಿನ ಮೇಲೆ ಯಂತ್ರದ ಜಾರುಭಾಗಗಳಿಗೆ ಹಾಕಿದ ಎಣ್ಣೆ ತೇಲಿ ಪರದೆ ಕಟ್ಟುತ್ತದೆ, ಕೆಳಗೆ ಗಾಳಿ ಸಿಗದ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆಪರೇಟರುಗಳ ಕೈ ತುರಿಸುತ್ತದೆ, ಟ್ಯಾಂಕನ್ನು ಬರಿದು ಮಾಡಿ ಹೊಸದು ತುಂಬಿಸುತ್ತಾರೆ, ಹಳೆಯದು ಡ್ರಮ್ಮಿಗೆ ಹೋಗುತ್ತದೆ. ಕೆಲವು ಕಡೆ ಮೋರಿಗೆ ಹೋಗುತ್ತದೆ. ನೀರು, ದುಡ್ಡು, ಜನರ ಚರ್ಮ, ವೃಷಭಾವತಿ, ಎಲ್ಲಕ್ಕೂ ಒಂದೇ ಏಟಿನಲ್ಲಿ ಹಾನಿ.

ಪರಿಹಾರಕ್ಕೆ ಬೇಕಾದ ಸಾಮಾನು ಸಣ್ಣದು. ಒಂದು ರಿಫ್ರ್ಯಾಕ್ಟೋಮೀಟರ್ ಕೊಳ್ಳಿ. ಗಾಜಿನ ಮೇಲೆ ಕೂಲೆಂಟಿನ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ನೀಲಿ–ಬಿಳಿ ಗೆರೆ ಕಾಣುತ್ತದೆ. ಆ ಸಂಖ್ಯೆಯನ್ನು ಕೂಲೆಂಟ್ ಪೂರೈಸುವವರು ಕೊಟ್ಟ ಗುಣಕದಿಂದ ಗುಣಿಸಿದರೆ ಎಷ್ಟು ಗಟ್ಟಿ ಎಂದು ಗೊತ್ತಾಗುತ್ತದೆ. ಸಾಮಾನ್ಯ ಕೆಲಸಕ್ಕೆ ಶೇ 5ರಿಂದ 8 ಇರಬೇಕು. ನೀರು ಆವಿಯಾದಾಗ ಬರೀ ನೀರು ಸುರಿಯುವ ಅಭ್ಯಾಸ ನಿಲ್ಲಿಸಿ, ತೆಳುವಾಗಿ ಕಲಸಿದ ಕೂಲೆಂಟನ್ನೇ ಸೇರಿಸಿ. ತೇಲುವ ಎಣ್ಣೆ ತೆಗೆಯಲು ಬೆಲ್ಟ್ ಸ್ಕಿಮ್ಮರ್ ಹಾಕಿ. ಭಾನುವಾರಕ್ಕೆ ನಮ್ಮಲ್ಲಿ ಮೀನಿನ ತೊಟ್ಟಿಗೆ ಗಾಳಿ ಬಿಡುವ ಪುಟ್ಟ ಪಂಪುಗಳನ್ನು ಟ್ಯಾಂಕಿನೊಳಗೆ ಬಿಡುತ್ತೇವೆ. ಗಾಳಿ ಆಡುತ್ತಿದ್ದರೆ ಆ ನಾತದ ಬ್ಯಾಕ್ಟೀರಿಯಾಕ್ಕೆ ಬದುಕು ಕಷ್ಟ. ನಮ್ಮ ಹಿರಿಯ ಆಪರೇಟರ್ ಸೋಮವಾರ ಟ್ಯಾಂಕಿನ ಮುಚ್ಚಳ ಎತ್ತಿ ಮೂಸಿ ನೋಡಿ, “ಪರವಾಗಿಲ್ಲ ಮೇಡಂ, ಇನ್ನೂ ನಡೆಯುತ್ತದೆ” ಎನ್ನುತ್ತಾರೆ. ಆಮೇಲೆ ರಿಫ್ರ್ಯಾಕ್ಟೋಮೀಟರ್ ನೋಡುತ್ತಾರೆ. ಎರಡೂ ಪುಸ್ತಕದಲ್ಲಿ ದಾಖಲಾಗುತ್ತವೆ.

ಕೊಳವೆಬಾವಿಯ ಗಡಸು ನೀರಿನಲ್ಲಿ ಕೂಲೆಂಟ್ ಸರಿಯಾಗಿ ಬೆರೆಯುವುದಿಲ್ಲ, ಬೇಗ ಒಡೆಯುತ್ತದೆ. ಶೋಧಿಸಿದ ಮಳೆ ನೀರು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಕೆಲವು ಬಗೆಯ ಕೂಲೆಂಟ್ ತೀರಾ ಮೆದು ನೀರಿನಲ್ಲಿ ನೊರೆ ಕಟ್ಟುತ್ತದೆ, ಆದ್ದರಿಂದ ಪೂರೈಸುವವರನ್ನು ಒಮ್ಮೆ ಕೇಳಿ. ಮಳೆ ನೀರಿನ ಲೆಕ್ಕ ಸುಲಭ: ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 4000 ಚದರಡಿಯ ಮಾಡು ಎಂದರೆ 372 ಚದರ ಮೀಟರ್. ಐದರಲ್ಲಿ ನಾಲ್ಕು ಪಾಲು ಹಿಡಿದರೂ ವರ್ಷಕ್ಕೆ ಸುಮಾರು 2.9 ಲಕ್ಷ ಲೀಟರ್. 6000 ಲೀಟರಿನ ಟ್ಯಾಂಕರಿನ 48 ಲೋಡ್. ಮಳೆಕೊಯ್ಲನ್ನು ಜಲಮಂಡಳಿ 2009ರಿಂದಲೇ ಕಡ್ಡಾಯ ಮಾಡಿದೆ. ಹಲವರು ಪೈಪು ಹಾಕಿದ್ದಾರೆ, ಆದರೆ ಅದರ ಬಾಯಿ ಎಲೆ, ಧೂಳಿನಿಂದ ಕಟ್ಟಿಕೊಂಡಿದೆ. ಮೇ ತಿಂಗಳ ಮೊದಲೇ ಮಾಡಿನ ಮೇಲೆ ಜನ ಹತ್ತಿಸಿ ಗಟರ್ ತೊಳೆಸಿ. ಕೈಗಾರಿಕಾ ಪ್ರದೇಶದ ಮಾಡಿನ ಮೇಲೆ ಎಣ್ಣೆ ಮಸಿ ಕೂತಿರುತ್ತದೆ, ಹಾಗಾಗಿ ಮೊದಲ ಮಳೆಯ ನೀರನ್ನು ಹೊರಗೆ ಬಿಡುವ ವಾಲ್ವು ಇರಲೇಬೇಕು. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಶೆಡ್ಡಿನ ನೆಲ ತೊಳೆದ ನೀರನ್ನು, ಅಂಗಳದ ಎಣ್ಣೆ ನೀರನ್ನು ಇಂಗುಗುಂಡಿಗೆ ಯಾವ ಕಾರಣಕ್ಕೂ ಬಿಡಬೇಡಿ. ಒಮ್ಮೆ ಅಂತರ್ಜಲ ಸೇರಿದ ವಿಷವನ್ನು ಹೊರತೆಗೆಯುವ ಸಾಮರ್ಥ್ಯ ನಮ್ಮ ಯಾರಿಗೂ ಇಲ್ಲ.

ಡ್ರಮ್ಮುಗಳು ಎಲ್ಲಿಗೆ ಹೋಗುತ್ತವೆ

ಬಳಸಿದ ಎಣ್ಣೆ, ಕೆಟ್ಟ ಕೂಲೆಂಟ್, ಎಣ್ಣೆ ಹೀರಿದ ಕಾಟನ್ ವೇಸ್ಟ್ ಇವು 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು, ಕೊಟ್ಟಾಗ ಮ್ಯಾನಿಫೆಸ್ಟ್ ಎಂಬ ಸಾಗಣೆ ದಾಖಲೆಯ ಪ್ರತಿ ಇಟ್ಟುಕೊಳ್ಳಬೇಕು. ಗೇಟಿಗೆ ಬಂದು ಲೀಟರಿಗೆ ಎರಡು ರೂಪಾಯಿ ಹೆಚ್ಚು ಕೊಡುತ್ತೇನೆ ಎನ್ನುವವರು ಇರುತ್ತಾರೆ. ಆ ಎಣ್ಣೆ ಸೆಂಟ್ರಿಂಗ್ ಹಲಗೆಗೆ ಬಳಿಯಲು ಹೋಗುತ್ತದೆ, ಇಲ್ಲವೇ ಎಲ್ಲೋ ಒಲೆಯಲ್ಲಿ ಉರಿಯುತ್ತದೆ. ಆ ಎರಡು ರೂಪಾಯಿ ಬೇಡ. ಡ್ರಮ್ಮುಗಳನ್ನು ಸೂರಿನಡಿ, ಅಡಿಯಲ್ಲಿ ತಟ್ಟೆ ಇಟ್ಟು, ಮೇಲೆ ಕನ್ನಡದಲ್ಲಿ ಹೆಸರು ಬರೆದು ಇಡಿ. ಓದಿ ತಿಳಿಯಬೇಕಾದವರು ಹೆಲ್ಪರುಗಳು.

ಸ್ಕ್ರ್ಯಾಪಿನಲ್ಲಿ ನೇರ ಲಾಭವಿದೆ. ಅಲ್ಯೂಮಿನಿಯಂ, ಹಿತ್ತಾಳೆ, ಉಕ್ಕು ಬೆರೆತರೆ ಎಲ್ಲವೂ ಕನಿಷ್ಠ ಬೆಲೆಗೆ ಹೋಗುತ್ತವೆ. ಯಂತ್ರದ ಪಕ್ಕದಲ್ಲೇ ಬೇರೆ ಬೇರೆ ಬಣ್ಣದ ತೊಟ್ಟಿ ಇಟ್ಟು, ಜಾಬ್ ಬದಲಾದಾಗ ತೊಟ್ಟಿ ಬದಲಿಸುವುದನ್ನು ರೂಢಿ ಮಾಡಿಸಿ. ಲೋಹದ ಸುರುಳಿಗಳನ್ನು ಜಾಲರಿಯ ಮೇಲೆ ಒಂದು ರಾತ್ರಿ ಬಿಟ್ಟರೆ ಕೂಲೆಂಟ್ ಇಳಿದು ತಟ್ಟೆ ಸೇರುತ್ತದೆ, ಅದನ್ನು ಶೋಧಿಸಿ ಮತ್ತೆ ಬಳಸಬಹುದು.

ಕಷ್ಟದ ಭಾಗ ಪ್ಲೇಟಿಂಗ್, ಅಂದರೆ ಬಿಡಿಭಾಗಕ್ಕೆ ಕ್ರೋಮಿಯಂನಂಥ ಲೋಹದ ಲೇಪ ಕೊಡುವುದು. ನಮ್ಮ ಶೆಡ್ಡಿನಲ್ಲಿ ಪ್ಲೇಟಿಂಗ್ ಇಲ್ಲ, ಹೊರಗೆ ಕೊಡುತ್ತೇವೆ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಕ್ರೋಮಿಯಂ–6 ಕ್ಯಾನ್ಸರ್ ತರುವ ವಸ್ತು. ನಮ್ಮ ಬಿಡಿಭಾಗದ ಮೇಲಿನ ಹೊಳಪಿಗಾಗಿ ಅದು ಯಾರದೋ ಬಾವಿ ಸೇರಿದ್ದರೆ ಅದರಲ್ಲಿ ನಮ್ಮ ಪಾಲೂ ಇದೆ. ಪ್ಲೇಟಿಂಗ್ ಘಟಕಕ್ಕೆ ಖುದ್ದಾಗಿ ಹೋಗಿ. ಅವರ ಮಾಲಿನ್ಯ ಮಂಡಳಿಯ ಅನುಮತಿ ಪತ್ರದ ಅವಧಿ ಮುಗಿದಿಲ್ಲವೇ, ತೊಳೆದ ನೀರು ಎಲ್ಲಿಗೆ ಹೋಗುತ್ತದೆ, ಕೆಸರನ್ನು ಯಾರಿಗೆ ಕೊಟ್ಟ ದಾಖಲೆ ಇದೆ ಎಂದು ಕೇಳಿ. ಉತ್ತರ ಸರಿಯಿದ್ದರೆ ಅವರ ದರ ಸ್ವಲ್ಪ ಹೆಚ್ಚಾದರೂ ಕೊಡಿ. ನ್ಯಾಯವಾಗಿ ನೀರು ಶುದ್ಧ ಮಾಡುವವರ ಖರ್ಚು ಹೆಚ್ಚೇ ಇರುತ್ತದೆ. ಎಲ್ಲಕ್ಕಿಂತ ಕಡಿಮೆ ದರ ಹೇಳುವವರು ಏನನ್ನು ಬಿಟ್ಟುಬಿಟ್ಟು ಆ ದರಕ್ಕೆ ಬಂದರು ಎಂಬುದನ್ನು ಯೋಚಿಸಿ. ವಿನ್ಯಾಸ ನಿಮ್ಮ ಕೈಯಲ್ಲಿದ್ದರೆ ಅಷ್ಟು ವಿಷವಲ್ಲದ ಕ್ರೋಮಿಯಂ–3ರ ಪ್ರಕ್ರಿಯೆಗೆ ಗಿರಾಕಿಯನ್ನು ಒಪ್ಪಿಸಲು ಪ್ರಯತ್ನಿಸಿ.

ಜನ, ಮತ್ತು ನಲವತ್ತೈದು ದಿನ

ಹಾಳೆಯ ಅರ್ಧದಷ್ಟು ಪ್ರಶ್ನೆಗಳು ಜನರ ಬಗ್ಗೆ ಇರುತ್ತವೆ. ಪಿಎಫ್, ಇಎಸ್‌ಐ ಗುತ್ತಿಗೆಯವರಿಗೂ ಕಟ್ಟುತ್ತಿದ್ದೀರಾ, 90 ಡೆಸಿಬಲ್ ದಾಟುವ ಜಾಗದಲ್ಲಿ ಕಿವಿಗೆ ರಕ್ಷಣೆ ಇದೆಯೇ, ಪ್ರೆಸ್ಸಿಗೆ ಗಾರ್ಡ್ ಇದೆಯೇ. ಇವೆಲ್ಲ ಮೊದಲಿನಿಂದಲೂ ಕಾನೂನಿನಲ್ಲಿರುವಂಥವೇ. ನಾನು ಹೆಣ್ಣುಮಕ್ಕಳ ಶೌಚಾಲಯದ ಬಗ್ಗೆ ಒತ್ತಿ ಹೇಳುತ್ತೇನೆ. ಒಳಗಿನಿಂದ ಚಿಲಕ, ನೀರು, ಮುಚ್ಚಳವಿರುವ ಕಸದ ಡಬ್ಬಿ, ರಾತ್ರಿ ದೀಪ ಇಷ್ಟಿದ್ದರೆ ಐಟಿಐ ಮುಗಿಸಿದ ಹುಡುಗಿಯರು ಕೆಲಸಕ್ಕೆ ಬರುತ್ತಾರೆ, ಬಂದವರು ಉಳಿಯುತ್ತಾರೆ. ಆಪರೇಟರ್ ಸಿಗುವುದಿಲ್ಲ ಎಂದು ತಲೆಯ ಮೇಲೆ ಕೈ ಹೊತ್ತು ಕೂತ ಎಷ್ಟೋ ಶೆಡ್ಡುಗಳಲ್ಲಿ ಈ ಒಂದು ಬಾಗಿಲು ಸರಿಯಿಲ್ಲ.

ಹಣ ಪಾವತಿಯೂ ಸುಸ್ಥಿರತೆಯೇ. 2006ರ ಎಂಎಸ್ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕು. ತಡ ಮಾಡಿದರೆ ಗಿರಾಕಿಗೆ ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ತೆರಿಗೆ ಲೆಕ್ಕದಲ್ಲಿ ಕಳೆಯಲು ಸಾಧ್ಯ ಎಂಬ ನಿಯಮವೂ 2023–24ರಿಂದ ಬಂದಿದೆ. ಎಕ್ಸೆಲ್ ಹಾಳೆ ಕಳಿಸುವ ಗಿರಾಕಿ ನಮಗೆ 120 ದಿನಕ್ಕೆ ಹಣ ಕೊಡುತ್ತಿದ್ದರೆ, ಹಾಳೆಯ ಉತ್ತರದ ಜೊತೆ ಇದನ್ನು ವಿನಯದಿಂದ, ಲಿಖಿತವಾಗಿ ನೆನಪಿಸಿ. ಸಣ್ಣ ಉದ್ದಿಮೆ ಎಂದು ತೋರಿಸುವ ನಿಮ್ಮ ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರತಿ ಇನ್‌ವಾಯ್ಸ್ ಮೇಲೂ ಹಾಕಿ.

ಈಗ ಹಾಳೆ ತುಂಬಿಸಿ

ಪುಸ್ತಕ ಸಿದ್ಧವಾದ ಮೇಲೆ ಹಾಳೆ ತುಂಬುವುದು ಒಂದು ಮಧ್ಯಾಹ್ನದ ಕೆಲಸ. ಗೊತ್ತಿಲ್ಲದ ಕಡೆ ‘ಅಳೆಯುತ್ತಿಲ್ಲ, ಈ ತಿಂಗಳಿನಿಂದ ಅಳೆಯುತ್ತೇವೆ’ ಎಂದು ಬರೆಯಿರಿ. ಅಂದಾಜಾಗಿದ್ದರೆ ಅಂದಾಜು ಎಂದೇ ಬರೆಯಿರಿ. ಪಕ್ಕದವರ ಹಾಳೆಯಿಂದ ಸಂಖ್ಯೆ ನಕಲು ಮಾಡಬೇಡಿ, ಗಿರಾಕಿಯ ಆಡಿಟರ್ ಬಂದು ಬಿಲ್ಲು ಕೇಳುತ್ತಾರೆ. ನಿಮ್ಮ ಮಾಲಿನ ಪೆಟ್ಟಿಗೆಯ ಮೇಲೆ ‘ಪರಿಸರಸ್ನೇಹಿ’ ಎಂದು ಅಚ್ಚು ಹಾಕಿಸುವ ಮೊದಲು, ಆಧಾರವಿಲ್ಲದ ಇಂಥ ಹೇಳಿಕೆಗಳ ವಿರುದ್ಧ 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ ಎಂಬುದನ್ನು ನೆನಪಿಡಿ. ‘ಕಿಲೋ ಮಾಲಿಗೆ ಇಷ್ಟು ಯೂನಿಟ್ ಇತ್ತು, ಈಗ ಇಷ್ಟಾಗಿದೆ’ ಎನ್ನುವ ಒಂದು ಸಾಲು ಸಾಕು, ಅದನ್ನು ಯಾರೂ ಅಲ್ಲಗಳೆಯಲಾರರು. ಪ್ರಮಾಣಪತ್ರ ಬೇಕೆನಿಸಿದರೆ ಎಂಎಸ್ಎಂಇ ಸಚಿವಾಲಯದ ಝಡ್‌ಇಡಿ (ದೋಷವೂ ಇಲ್ಲ, ಪರಿಸರಕ್ಕೆ ಹಾನಿಯೂ ಇಲ್ಲ ಎಂಬ ಗುರಿಯ) ಯೋಜನೆಯ ಕಂಚಿನ ಹಂತದಿಂದ ಆರಂಭಿಸಿ. ಶುಲ್ಕದಲ್ಲಿ ಅತಿಸಣ್ಣ ಘಟಕಗಳಿಗೆ ಶೇ 80, ಸಣ್ಣವಕ್ಕೆ ಶೇ 60 ರಿಯಾಯಿತಿ ಇದೆ.

ಆಮೇಲೆ ನಿಮ್ಮ ಜಾಬ್ ವರ್ಕ್ ಶೆಡ್ಡುಗಳ ಕಡೆ ತಿರುಗಿ. ಗಿರಾಕಿಯ ಇಂಗ್ಲಿಷ್ ಎಕ್ಸೆಲ್ಲನ್ನು ಅವರಿಗೆ ಹಾಗೇ ದಾಟಿಸಬೇಡಿ. ಎರಡು ಲೇತ್ ಇಟ್ಟುಕೊಂಡು ತಾನೇ ಆಪರೇಟರೂ ಆಗಿರುವ ಮಾಲೀಕರಿಗೆ ಅದನ್ನು ಓದಲು ಪುರುಸೊತ್ತಿಲ್ಲ. ನಾವು ಕನ್ನಡದಲ್ಲಿ ಒಂದು ಪುಟ ಮಾಡಿದ್ದೇವೆ. ಅದರಲ್ಲಿ ಇರುವುದು ಮೂರೇ ಪ್ರಶ್ನೆ: ತಿಂಗಳಿಗೆ ಎಷ್ಟು ಯೂನಿಟ್, ಬಳಸಿದ ಎಣ್ಣೆ ಯಾರಿಗೆ ಕೊಟ್ಟಿರಿ, ಯಾರಿಗಾದರೂ ಪೆಟ್ಟಾಯಿತೇ. ಅದರ ಕೆಳಗೆ ಒಂದು ಸಾಲು, ಕಂಪ್ರೆಸರ್ ಸೋರಿಕೆ ಪರೀಕ್ಷೆಗೆ ನಮ್ಮ ನಿರ್ವಹಣೆಯವರು ಶನಿವಾರ ಸಂಜೆ ಬಂದು ಸಹಾಯ ಮಾಡುತ್ತಾರೆ, ಹಣ ಬೇಡ. ಆ ಪುಟವನ್ನು ಬಿಲ್ಲಿನ ಚೆಕ್ ಜೊತೆಯೇ ಕೈಗೆ ಕೊಡುತ್ತೇವೆ.